ಹೆಡ್ಡು ಕರ್ನಾಟಕದಲ್ಲಿ, ಬ್ಲಾಕ್ ಕೇರಳದಲ್ಲಿ

"ಹೆಡ್ಡಿನ ಕೆಳಮುಖದಿಂದ ಎಷ್ಟು ತೆಗೆಯುತ್ತೀರಿ?" ಎಂದು ಕೇಳಿದೆ. "ಮಾಮೂಲಿ" ಎಂದ ಹುಡುಗ, ಚೀಟಿಯಿಂದ ತಲೆ ಎತ್ತದೆ. ಪುತ್ತೂರಿನ ಕಡೆಯ ಒಂದು ಲೇತ್ ಅಂಗಡಿ. ಮೇಜಿನ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ನಮ್ಮ ಮಾರುತಿ ಓಮ್ನಿ ವ್ಯಾನಿನ ಸಿಲಿಂಡರ್ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗದ ಮುಚ್ಚಳ, ಅದರ ಹಿಂದೆ ಸರದಿಗೆ ಕಾದ ಇನ್ನಷ್ಟು ಹೆಡ್ಡುಗಳು: ಜೀಪಿನವು, ರಿಕ್ಷಾದವು, ಯಾವುದೋ ಟೆಂಪೊದ್ದು. ಕೆಲವು ಎರಕದ ಕಬ್ಬಿಣ, ಕೆಲವು ಅಲ್ಯೂಮಿನಿಯಂ. ಇವೆಲ್ಲಕ್ಕೂ ಮಾಮೂಲಿ ಒಂದೇ ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಆದರೆ ಹಿಂದೆ ನಿಂತವರಿಗೆ ಅವಸರವಿತ್ತು. ಚೀಟಿಯನ್ನು ಕಿಸೆಗೆ ಹಾಕಿಕೊಂಡು ವಿಟ್ಲ, ಅಡ್ಯನಡ್ಕ, ಸಾರಡ್ಕ ದಾಟಿ ಕೇರಳದ ಪೆರ್ಲದ ಕಡೆಗೆ ಬಂದೆ. ಅದು 2020ರ ಮಾರ್ಚ್. ಆ ವಾರವೇ ಜನತಾ ಕರ್ಫ್ಯೂ, ಅದರ ಬೆನ್ನಿಗೆ ಲಾಕ್‌ಡೌನ್, ಜೊತೆಗೆ ಗಡಿಯೂ ಬಂದ್.

ಆ ದಿನಗಳನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಒಳರಸ್ತೆಗಳಿಗೆ ಮಣ್ಣು ಬಿತ್ತು, ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜೀವ ಹೋದವರ ಸುದ್ದಿ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಹಳೆಯ ವ್ಯಾನಿನ ಹೆಡ್ಡಿನ ಬಗ್ಗೆ ಬಾಯಿ ಬಿಡುವುದು ಮರ್ಯಾದೆಯಲ್ಲ ಎಂದು ಸುಮ್ಮನಿದ್ದೆ. ಆದರೂ ಹೆಡ್ಡು ಕರ್ನಾಟಕದಲ್ಲಿ, ಅದು ಕೂರುವ ಎಂಜಿನ್ನಿನ ಕೆಳಭಾಗವಾದ ಬ್ಲಾಕ್ ಕೇರಳದಲ್ಲಿ ಎಂಬ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿಯಿತು. 1956ರಲ್ಲಿ ನಮ್ಮ ಹಿರಿಯರ ಜಮೀನು, ಶಾಲೆ, ನೆಂಟಸ್ತಿಕೆಗಳ ನಡುವೆ ಎಳೆದ ರಾಜ್ಯದ ಗೆರೆ ಈ ಸಲ ನೇರವಾಗಿ ಇವೆರಡರ ನಡುವಿನ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಇರಬೇಕಾದ ಜಾಗದಲ್ಲೇ ಹಾದುಹೋಗಿತ್ತು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಸಿಲಿಂಡರುಗಳ ಬಾಯಿಗೆ ಬಟ್ಟೆ ತುರುಕಿ, ಬ್ಲಾಕಿನ ಮುಖಕ್ಕೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೆ. ಆಗಾಗ ಸೀಟು ಎತ್ತಿ ತುಕ್ಕು ಬಂದಿದೆಯೇ ಎಂದು ನೋಡುವುದೂ ಹೊಸ ಎಣ್ಣೆ ಸವರುವುದೂ ನಡೆದಿತ್ತು. ಹಾಗೆ ನೋಡುವಾಗಲೆಲ್ಲ ಆ ಹುಡುಗನ ಉತ್ತರ ನೆನಪಾಗುತ್ತಿತ್ತು.

ಹೆಡ್ಡು ಬಿಚ್ಚಿದರೆ ಫೇಸಿಂಗ್ ಮಾಡಿಸಲೇಬೇಕು ಎಂಬುದು ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಒಂದು ಆಚಾರ. ಕೆಳಮುಖವನ್ನು ಯಂತ್ರಕ್ಕೆ ಕೊಟ್ಟು ಒಂದು ಪದರ ತೆಗೆಸಿದರೆ ಅದು ಬೆಳ್ಳಗೆ ಹೊಳೆಯುತ್ತದೆ, ಗಿರಾಕಿಗೆ ಕೆಲಸ ಆದದ್ದು ಕಣ್ಣಿಗೆ ಕಾಣುತ್ತದೆ. ನಾಳೆ ಗ್ಯಾಸ್ಕೆಟ್ ಪುನಃ ಹೋದರೆ "ಫೇಸಿಂಗ್ ಮಾಡಿಸಿದ್ದೆವಲ್ಲ" ಎನ್ನಲು ಮೆಕ್ಯಾನಿಕನಿಗೂ ಒಂದು ಆಧಾರ. ಯಾರಿಗೂ ನಷ್ಟವಿಲ್ಲದಂತೆ ತೋರುವ ಏರ್ಪಾಡು. ನಷ್ಟವಾಗುವುದು ಹೆಡ್ಡಿಗೆ. ತೆಗೆದ ಲೋಹ ಮರಳಿ ಬರುವುದಿಲ್ಲ. ಹಾಗಾಗಿ ಅಳೆಯದೆ ತೆಗೆಯಬಾರದು ಎಂಬುದಷ್ಟೇ ನನ್ನ ತಕರಾರು.

ಲಾಕ್‌ಡೌನಿನ ಒಂದು ಮಧ್ಯಾಹ್ನ ಲೆಕ್ಕ ಹಾಕಿ ನೋಡಿದೆ. ಓಮ್ನಿಯಲ್ಲೂ ಮಾರುತಿ 800ರಲ್ಲೂ ಇರುವುದು ಅದೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 72. ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಾಲು ಒತ್ತುತ್ತದೆ ಎಂಬ ಕಂಪ್ರೆಶನ್ ಅನುಪಾತ ಕಾರ್ಬುರೇಟರಿನ ಮಾದರಿಯಲ್ಲಿ 8.7. ಅಂದರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಹೆಚ್ಚುಕಡಿಮೆ 34.5 ಸಿಸಿ. ಹೆಡ್ಡಿನಿಂದ 0.2 ಮಿಲಿಮೀಟರ್ ತೆಗೆದರೆ ಅದರಲ್ಲಿ ಮುಕ್ಕಾಲು ಸಿಸಿಯ ತನಕ ಕಡಿಮೆಯಾಗುತ್ತದೆ, ಅನುಪಾತ 8.9ರ ಹತ್ತಿರ ಹೋಗುತ್ತದೆ. ಒಮ್ಮೆಗೆ ಇದೇನೂ ಪ್ರಳಯವಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಮಾಡಿದರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನತೊಡಗುತ್ತದೆ. ಹೆಡ್ಡು ಕೆಳಗಿಳಿದಂತೆ, ಗಾಳಿ ಹೊಗೆಗಳ ದಾರಿಯ ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕಿಗೆ ಹತ್ತಿರವಾಗಿ ವಾಲ್ವ್ ತೆರೆಯುವ ಹೊತ್ತೂ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಇಷ್ಟಾಗಿ, ಈ ಹೆಡ್ಡು ಈ ಮೊದಲು ಎಷ್ಟು ಸಲ ಯಂತ್ರಕ್ಕೆ ಹೋಗಿ ಬಂದಿದೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ನಾನಿದನ್ನು ಕೊಂಡದ್ದು ಅಡುಗೆಯವರೊಬ್ಬರ ಕೈಯಿಂದ. ಉರುಳಿ, ಕಡಾಯಿ, ತರಕಾರಿ ಮೂಟೆ ಹೇರಿಕೊಂಡು ಕುಂಬಳೆಯಿಂದ ಮುಳ್ಳೇರಿಯದ ತನಕ ಮದುವೆ ಉಪನಯನಗಳಿಗೆ ಓಡಿದ ಗಾಡಿ. ಅವರಿಗೂ ಅದನ್ನು ಬೇರೆ ಯಾರೋ ಕೊಟ್ಟದ್ದು.

ಬಾಗಿದ್ದು ಹೇಗೆ

ಬಿಚ್ಚುವ ಮೊದಲೇ ಲಕ್ಷಣಗಳು ಸ್ಪಷ್ಟವಾಗಿದ್ದವು. ನೆಲಕ್ಕೆ ಒಂದು ಹನಿಯೂ ಬೀಳದೆ ರೇಡಿಯೇಟರಿನ ನೀರು ಇಳಿಯುತ್ತಿತ್ತು. ಸ್ಟಾರ್ಟ್ ಮಾಡಿ ಮುಚ್ಚಳ ತೆಗೆದರೆ ಗುಳ್ಳೆ. ಒತ್ತಿಕೊಂಡಿರುವ ಎರಡು ಸಿಲಿಂಡರುಗಳಲ್ಲಿ ಕಂಪ್ರೆಶನ್ ಒಟ್ಟಿಗೇ ಬಿದ್ದಿತ್ತು, ಅಂದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿತ್ತು. ಎಣ್ಣೆಯ ಮುಚ್ಚಳದ ಒಳಗೆ ಬಿಳಿಯ ಕೆನೆ ಕಂಡರೆ ಸಾಕು, ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತೀರ್ಪು ಕೊಡುವವರಿದ್ದಾರೆ. ನಮ್ಮ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ. ಹಾಲಿನ ಸೊಸೈಟಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೇರದೆ ಒಳಗಿನ ತೇವವೇ ಎಣ್ಣೆಗೆ ಸೇರಿ ಅಂಥ ಕೆನೆ ಕಟ್ಟುತ್ತದೆ. ಒಂದು ದಿನ ದೂರ ಓಡಿಸಿದರೆ ಹೋಗುತ್ತದೆ. ಅದಕ್ಕೋಸ್ಕರ ಹೆಡ್ಡು ಬಿಚ್ಚಿಸಿದವರನ್ನು ನಾನು ಬಲ್ಲೆ.

ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಒಂದಡಿ ಉದ್ದದ ತುಂಡು 80 ಡಿಗ್ರಿ ಬಿಸಿಯೇರಿದರೆ ಅರ್ಧ ಮಿಲಿಮೀಟರಿಗೂ ತುಸು ಹೆಚ್ಚು ಉದ್ದವಾಗುತ್ತದೆ. ಅದರ ಅಡಿಯಲ್ಲಿರುವ ಕಬ್ಬಿಣದ ಬ್ಲಾಕ್ ಅಷ್ಟಾಗುವುದಿಲ್ಲ. ಇವೆರಡರ ಎಳೆದಾಟವನ್ನು ಗ್ಯಾಸ್ಕೆಟ್ ತಾಳಿಕೊಳ್ಳುತ್ತದೆ, ಬಿಸಿ ಮಿತಿಯಲ್ಲಿರುವ ತನಕ. ಮಿತಿ ಮೀರಿದರೆ ಬೋಲ್ಟುಗಳ ಹಿಡಿತದಲ್ಲಿ ಹಿಗ್ಗಲು ಜಾಗವಿಲ್ಲದೆ ಹೆಡ್ಡು ನಡುವೆ ಬಾಗುತ್ತದೆ. ಹೀಗೆ ಮಿತಿ ಮೀರಲು ನಮ್ಮ ವ್ಯಾನಿನಲ್ಲಿದ್ದ ಕಾರಣ ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗು 0.9 ಎಂದು ಬರೆದಷ್ಟು ಒತ್ತಡವನ್ನು ಹಿಡಿದಿಟ್ಟರೆ ಒಳಗಿನ ನೀರು ಕುದಿಯಲು 118-119 ಡಿಗ್ರಿ ಬೇಕು. ರಬ್ಬರು ಬಿರುಕು ಬಿಟ್ಟು ಒತ್ತಡ ನಿಲ್ಲದಿದ್ದರೆ 100ಕ್ಕೇ ಕುದಿಯುತ್ತದೆ. ಯಾರೋ ಪುಣ್ಯಾತ್ಮರು ಬಿಸಿ ನೋಡಿ ನೀರಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟನ್ನೂ ಕಿತ್ತಿದ್ದರು, ತಂಪಿರಲಿ ಎಂದು. ಅದು ಕಾಯಿಲೆಗೆ ಮದ್ದು ಮಾಡದೆ ಥರ್ಮಾಮೀಟರನ್ನು ಎಸೆದ ಚಿಕಿತ್ಸೆ. ಹೆಡ್ಡನ್ನು ಎಷ್ಟು ಚಂದ ಫೇಸಿಂಗ್ ಮಾಡಿಸಿದರೂ ಅದೇ ಮುಚ್ಚಳ ಹಾಕಿ ಓಡಿಸಿದ್ದರೆ ಮುಂದಿನ ಬೇಸಿಗೆಗೆ ಪುನಃ ಅದೇ ಕಥೆ.

ಆಚಾರಿಯವರ ಪಟ್ಟಿ

ಗಡಿ ಸಡಿಲವಾದ ಮೇಲೆ ಪುತ್ತೂರಿನ ಕಡೆಗೆ ಹೋದರೆ ಹೆಡ್ಡು ಇಟ್ಟಲ್ಲೇ ಇತ್ತು, ಅದೇ ಗೋಣಿಯಲ್ಲಿ. ಅಂಗಡಿ ಆಗಷ್ಟೇ ತೆರೆದಿತ್ತು, ನಮ್ಮ ಸರದಿ ಬಂದಿರಲಿಲ್ಲ. ಇನ್ನು ಅವಸರದಲ್ಲಿ ಮಾಡುವುದು ಬೇಡ ಎಂದು ಹಿಂದಕ್ಕೆ ತಂದೆ. ನಮ್ಮ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್, ನಾವೆಲ್ಲ ಬರೇ ಇಚ್ಚ ಎಂದು ಕರೆಯುವವರು, ಕಾಸರಗೋಡಿನ ಹತ್ತಿರದ ಒಬ್ಬ ಹಿರಿಯ ಆಚಾರಿಯವರ ಹೆಸರು ಹೇಳಿದರು. "ಅವರ ಕೆಲಸ ತಡ ಮಾಷ್ಟ್ರೇ, ಬೈಗುಳವೂ ಉಂಟು. ಸಹಿಸುವುದಾದರೆ ಹೋಗಿ."

"ಆಚಾರ್ರೇ, ಫೇಸಿಂಗ್ ಮಾಡಿಸಬೇಕಿತ್ತು" ಎಂದೆ. "ಫೇಸಿಂಗ್ ಬೇಕೋ ಬೇಡವೋ ಹೇಳುವುದು ನಾನು. ನೀವು ಗಾಡಿಗೆ ಏನಾಯಿತು ಹೇಳಿ" ಎಂದರು. ಹೇಳಿದೆ. ಕೆಳಮುಖಕ್ಕೆ ಅಂಟಿದ್ದ ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಮರದ ಚಕ್ಕೆಯಲ್ಲೇ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ಒರೆಸಿದರು. ಆಮೇಲೆ ಗೋಡೆಯ ಕಪಾಟಿನಿಂದ ಒಂದು ಮರದ ಪೆಟ್ಟಿಗೆ ಇಳಿಸಿದರು. ಒಳಗೆ ಬಟ್ಟೆಯಲ್ಲಿ ಸುತ್ತಿದ ಉಕ್ಕಿನ ನೇರಪಟ್ಟಿ. ನಾನು ಕೈ ಚಾಚಿದಾಗ "ಮುಟ್ಟಬೇಡಿ, ಬೆವರಿಗೆ ತುಕ್ಕು" ಎಂದರು. ಪಟ್ಟಿಯನ್ನು ಹೆಡ್ಡಿನ ಉದ್ದಕ್ಕೆ ಎರಡೂ ಅಂಚಿನಲ್ಲಿ, ಅಡ್ಡಕ್ಕೆ ಎರಡೂ ತುದಿಯಲ್ಲಿ, ಮತ್ತೆ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿ, ಅಡಿಯಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಗಳನ್ನು ಒಂದೊಂದಾಗಿ ತೂರಿಸುತ್ತಾ ಹೋದರು. ಅಂಚುಗಳಲ್ಲಿ 0.05 ಮಿಲಿಮೀಟರಿನ ಎಲೆ ಹೋಗಲಿಲ್ಲ. ಒಂದು ಓರೆಯಲ್ಲಿ ನಡುವಿನ ಸಿಲಿಂಡರಿನ ಬಳಿ ಅದು ಸಲೀಸಾಗಿ ಹೋಯಿತು. 0.08 ಬಿಗಿಯಾಗಿ ಹೋಯಿತು. 0.10 ಹೋಗಲಿಲ್ಲ. ಎಲೆಯ ಬಿಗಿತ ನನಗೂ ಗೊತ್ತಾಗಲೆಂದು ಅದರ ತುದಿಯನ್ನು ನನ್ನ ಬೆರಳಿಗೆ ಕೊಟ್ಟು ಎಳೆಸಿದರು. ಈ ಎಂಜಿನ್ನಿಗೆ 0.05ರ ತನಕ ಕ್ಷಮೆಯಿದೆ. ನಮ್ಮದು ಅದನ್ನು ದಾಟಿತ್ತು, ಆದರೆ ಸ್ವಲ್ಪವೇ.

"ಕ್ಯಾಮ್‌ಶಾಫ್ಟ್ ಎಲ್ಲಿ?" ಎಂದರು. ಅದೃಷ್ಟಕ್ಕೆ ಚೀಲದಲ್ಲಿತ್ತು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲೇ ಕೊರೆದ ತೂತುಗಳೊಳಗೆ ತಿರುಗುತ್ತದೆ. ಎಣ್ಣೆ ಹಚ್ಚಿ ತೂರಿಸಿ ಎರಡು ಬೆರಳಲ್ಲಿ ತಿರುಗಿಸಿದರು, ಎಲ್ಲಿಯೂ ತಡೆಯಲಿಲ್ಲ. ಹೆಡ್ಡು ಬಾಗುವಾಗ ಇಡಿಯಾಗಿ ಬಾಗುತ್ತದೆ, ಕೆಳಮುಖದ ಜೊತೆಗೆ ಮೇಲಿನ ಈ ತೂತುಗಳ ಸಾಲೂ ಓರೆಯಾಗುತ್ತದೆ. ಫೇಸಿಂಗ್ ಸರಿಪಡಿಸುವುದು ಕೆಳಮುಖವನ್ನು ಮಾತ್ರ. ಮೇಲಿನ ಸಾಲು ಬಾಗಿದ ಹಾಗೆಯೇ ಉಳಿದರೆ ಕ್ಯಾಮ್‌ಶಾಫ್ಟ್ ಬಿಗಿದು ಸವೆಯುತ್ತದೆ. ಇಷ್ಟು ವರ್ಷ ವರ್ಕ್‌ಶಾಪುಗಳ ಬೆಂಚಿನ ಮೇಲೆ ಕುಳಿತು ಚಹಾ ಕುಡಿದ ನಾನು ಈ ಪರೀಕ್ಷೆಯನ್ನು ನೋಡಿದ್ದು ಅದೇ ಮೊದಲು.

ನಿಜವಾದ ಇಕ್ಕಟ್ಟು ಬೇರೆಯಿತ್ತು. ನೀರು ಹಾಯುವ ಒಂದು ತೂತಿನ ಅಂಚು ತಿಂದು ಹೋಗಿ, ಸಿಲಿಂಡರಿನ ಸುತ್ತ ಗ್ಯಾಸ್ಕೆಟಿನ ಉಂಗುರ ಕೂರುವ ಜಾಗದ ಹತ್ತಿರದ ತನಕ ಕುಳಿ ಬಿದ್ದಿತ್ತು. ಬಾಗಿದ್ದಕ್ಕಿಂತ ಕುಳಿ ಎಷ್ಟೋ ಪಾಲು ಆಳ. ಮಾಮೂಲಿಯಷ್ಟು ತೆಗೆದಿದ್ದರೆ ಕುಳಿ ಅಲ್ಲೇ ಉಳಿಯುತ್ತಿತ್ತು. ಕುಳಿ ಮಾಯವಾಗುವಷ್ಟು ತೆಗೆದಿದ್ದರೆ ಹೆಡ್ಡೇ ಮುಗಿಯುತ್ತಿತ್ತು. ಆಚಾರಿಯವರು ಹೇಳಿದ ದಾರಿ ಹೀಗೆ: ಮೊದಲು ಕುಳಿಗೆ ಆರ್ಗಾನ್ ವೆಲ್ಡಿಂಗ್‌ನಲ್ಲಿ ಅಲ್ಯೂಮಿನಿಯಂ ತುಂಬಿಸುವುದು, ಆಮೇಲೆ ನೀರಿನ ದಾರಿಗಳಿಗೆಲ್ಲ ರಬ್ಬರು ಒತ್ತಿದ ತಗಡು ಬಿಗಿದು ಬಿಸಿನೀರಲ್ಲಿ ಮುಳುಗಿಸಿ ಗಾಳಿ ಬಿಟ್ಟು ಬಿರುಕಿದೆಯೇ ನೋಡುವುದು, ಕೊನೆಗೆ ಯಂತ್ರಕ್ಕೆ ಹಾಕುವುದು. ವೆಲ್ಡಿಂಗಿನ ಕಾವಿಗೆ ಹೆಡ್ಡು ಇನ್ನಷ್ಟು ಓರೆಯಾಗಬಹುದಾದ್ದರಿಂದ ಈ ಕ್ರಮ ತಪ್ಪಬಾರದು. ಹಾಗೆಯೇ ಆಯಿತು. ಗುಳ್ಳೆ ಬರಲಿಲ್ಲ. 0.10 ಮಿಲಿಮೀಟರ್ ತೆಗೆಯುವಷ್ಟರಲ್ಲಿ ಮುಖವೆಲ್ಲ ಒಂದೇ ಬಣ್ಣಕ್ಕೆ ಬಂತು, ಅಲ್ಲಿಗೆ ನಿಲ್ಲಿಸಿದರು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವೊಂದರ ಗೈಡು, ಅಂದರೆ ಅದರ ಕಾಂಡ ಜಾರುವ ಕೊಳವೆ, ಸವೆದು ವಾಲ್ವು ಅಲ್ಲಾಡುತ್ತಿತ್ತು. ಅದನ್ನು ಬದಲಿಸಿ, ಹೊಸ ಗೈಡಿನ ನೇರಕ್ಕೆ ಸೀಟನ್ನು, ಅಂದರೆ ವಾಲ್ವು ಕೂರುವ ಅಂಚನ್ನು, 45 ಡಿಗ್ರಿಯಲ್ಲಿ ಪುನಃ ಕಡಿದರು. ಗೈಡು ಹೊಸದಾದರೆ ಸೀಟು ಕಡಿಯಲೇಬೇಕು, ಹಳೆಯ ಸೀಟಿನ ನಡು ಹೊಸ ಗೈಡಿನ ನಡುವಿಗೆ ಕೂಡುವುದಿಲ್ಲ. ಮಿಕ್ಕ ಸೀಟುಗಳನ್ನು ಮುಟ್ಟಲಿಲ್ಲ. "ಉಳಿದದ್ದು ಮನೆಯಲ್ಲಿ ನೀವೇ ತಿಕ್ಕಬಹುದು" ಎಂದು ವಾಪಸು ಕೊಟ್ಟರು. ಬೈಗುಳ ನನಗೆ ಬೀಳಲಿಲ್ಲ. ಜೀಪಿನ ಕಬ್ಬಿಣದ ಹೆಡ್ಡು ತೊಳೆಯುವ ಕಾಸ್ಟಿಕ್ ಸೋಡಾದ ತೊಟ್ಟಿಯ ಪಕ್ಕದಲ್ಲಿ ನನ್ನ ಅಲ್ಯೂಮಿನಿಯಂ ಹೆಡ್ಡನ್ನು ತಂದಿಟ್ಟ ಸಹಾಯಕನಿಗೆ ಬಿತ್ತು. ಆ ದ್ರಾವಣ ಕಬ್ಬಿಣದ ಕೊಳೆ ತೆಗೆಯುತ್ತದೆ, ಅಲ್ಯೂಮಿನಿಯಂ ಆದರೆ ಹೆಡ್ಡನ್ನೇ ಕರಗಿಸುತ್ತದೆ.

ಜಗಲಿಯಲ್ಲಿ

ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಹಲವರು ಕೇಳುತ್ತಾರೆ. ಬಿಚ್ಚುವುದು, ಮಸಿ ತೆಗೆಯುವುದು, ವಾಲ್ವ್ ತಿಕ್ಕುವುದು, ವಾಲ್ವಿನ ಕಾಂಡದಿಂದ ಎಣ್ಣೆ ಇಳಿಯದಂತೆ ತಡೆಯುವ ಸೀಲು ಬದಲಿಸುವುದು, ಜೋಡಿಸುವುದು, ಇವಕ್ಕೆಲ್ಲ ಬೇಕಾದದ್ದು ತಾಳ್ಮೆ ಮತ್ತು ಸ್ವಚ್ಛತೆ. ಸಮತಲ ಮಾಡುವುದು ಮಾತ್ರ ಮನೆಯ ಕೆಲಸವಲ್ಲ. ದಪ್ಪ ಗಾಜಿನ ಮೇಲೆ ಮರಳುಕಾಗದ ಹಾಸಿ ಹೆಡ್ಡನ್ನು ಉಜ್ಜುವವರಿದ್ದಾರೆ. ಸ್ಕೂಟರಿನ ಅಂಗೈಯಗಲದ ಹೆಡ್ಡಿಗೆ ಅದು ನಡೆದೀತು. ಒಂದಡಿಯ ಹೆಡ್ಡನ್ನು ಉಜ್ಜುವಾಗ ಕೈ ಗೊತ್ತಿಲ್ಲದೆ ವಾಲಿ ತುದಿಗಳು ಸವೆಯುತ್ತವೆ, ನಡು ಉಬ್ಬುತ್ತದೆ. ಕೈಯಲ್ಲಿ ಹಿಡಿಯುವ ಮೆಷಿನ್ನಿಗೆ ಉಜ್ಜುವ ಚಕ್ರ ಸಿಕ್ಕಿಸಿ ಹೊಳಪು ಬರಿಸುವುದು ಇನ್ನೂ ಕೆಟ್ಟದು. ಅಲ್ಲಲ್ಲಿ ತಗ್ಗು ಬೀಳುವುದಲ್ಲದೆ ಆ ಚಕ್ರದ ಪುಡಿ ಎಣ್ಣೆಯ ದಾರಿಗೆ ಸೇರಿದರೆ ಬೇರಿಂಗುಗಳನ್ನು ತಿನ್ನುತ್ತದೆ.

ನಾನು ವಾಲ್ವ್ ತಿಕ್ಕಿದ್ದು ಜಗಲಿಯಲ್ಲಿ, ಅಡಿಕೆ ಸುಲಿಯುವವರ ನಡುವೆ. ಹೊರಗೆ ಮಳೆ, ಒಳಗೆ ಕತ್ತಿಗಳ ಟಪಟಪ. ವಾಲ್ವುಗಳನ್ನು ರಟ್ಟಿನಲ್ಲಿ ತೂತು ಮಾಡಿ ಕ್ರಮವಾಗಿ ನಿಲ್ಲಿಸಿದ್ದೆ. ಪ್ರತಿ ವಾಲ್ವೂ ತನ್ನ ಸೀಟಿಗೇ ಹೋಗಬೇಕು, ಅದಲು ಬದಲಾದರೆ ತಿಕ್ಕಿದ್ದು ವ್ಯರ್ಥ. ಸೀಟಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರಿನ ಬಾಯಿಯ ಕೋಲನ್ನು ವಾಲ್ವಿಗೆ ಕಚ್ಚಿಸಿ, ಎರಡು ಅಂಗೈಗಳ ನಡುವೆ ಹಿಂದೆ ಮುಂದೆ ಹೊರಳಿಸುವುದು. ಆಗಾಗ ವಾಲ್ವನ್ನು ಎತ್ತಿ ಸ್ವಲ್ಪ ತಿರುಗಿಸಿ ಕೂರಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಗೀರು ಬೀಳುತ್ತದೆ. ಸುಲಿಯುವವರಲ್ಲಿ ಹಿರಿಯಾಕೆ ಬಹಳ ಹೊತ್ತು ನೋಡಿ, "ಇದರಲ್ಲಿ ಬೆಣ್ಣೆ ಬರುವುದು ಯಾವಾಗ ಮಾಷ್ಟ್ರೇ?" ಎಂದರು. ಜಗಲಿಯೆಲ್ಲ ನಕ್ಕಿತು. ಬರುವುದು ಬೆಣ್ಣೆಯಲ್ಲ, ಬೂದು ಬಣ್ಣದ ಒಂದು ಬಳೆ: ವಾಲ್ವಿನ ಮುಖದಲ್ಲಿಯೂ ಸೀಟಿನಲ್ಲಿಯೂ ಎಲ್ಲಿಯೂ ಕಡಿಯದ, ಒಂದೂವರೆ ಮಿಲಿಮೀಟರ್ ಮೀರದ ಮಾಸಲು ಪಟ್ಟಿ. ಮೊದಲು ತಿಕ್ಕುವಾಗ ಗರಗರ ಸದ್ದು, ಹದ ಬಂದಂತೆ ಅದು ಮೆತ್ತಗಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಸೆಗೆ ಬಿದ್ದು ತಿಕ್ಕುತ್ತಾ ಹೋದರೆ ಪಟ್ಟಿ ಅಗಲವಾಗುತ್ತದೆ, ವಾಲ್ವು ಸೀಟಿನೊಳಗೆ ಹೂತುಹೋಗುತ್ತದೆ. ಎಕ್ಸಾಸ್ಟ್ ವಾಲ್ವಿನ ಕಾವು ಬಹುಪಾಲು ಇಳಿದುಹೋಗುವುದು ಈ ಸಣ್ಣ ಪಟ್ಟಿಯ ಮೂಲಕವೇ. ಅದು ಒಂದು ಕಡೆ ಕಡಿದಿದ್ದರೂ ವಾಲ್ವಿನ ಅಂಚು ಅಲ್ಲಿಂದಲೇ ಸುಡತೊಡಗುತ್ತದೆ.

ಪೇಸ್ಟನ್ನೆಲ್ಲ ತೊಳೆದು, ಸ್ಪ್ರಿಂಗು, ಹೊಸ ಸೀಲು, ಲಾಕು ಹಾಕಿ, ಹೆಡ್ಡನ್ನು ಬೋರಲಾಗಿಟ್ಟು ಮೂರು ಗುಂಡಿಗಳಿಗೂ ಸೀಮೆಎಣ್ಣೆ ತುಂಬಿಸಿ ಸೋರುತ್ತದೆಯೇ ನೋಡಿದೆ. ಒಂದು ವಾಲ್ವಿನ ಹಿಂದೆ ತೇವ ಕಂಡಿತು. ಬಿಚ್ಚಿ ಪುನಃ ತಿಕ್ಕಿದೆ, ನಿಂತಿತು. ಸೀಲುಗಳದ್ದು ಅಗ್ಗದ ಕೆಲಸ, ಆದರೆ ಹೆಡ್ಡು ಕೈಯಲ್ಲಿರುವಾಗಲೇ ಆಗಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಪುನಃ ಒತ್ತಿದಾಗ ನೀಲಿ ಹೊಗೆ ಬರುವ ಗಾಡಿಗಳಲ್ಲಿ ಅನೇಕವಕ್ಕೆ ಬೇಕಾದದ್ದು ಇಷ್ಟೇ.

ಜೋಡಿಸುವ ದಿನ ಇಚ್ಚ ಬಂದರು. ಬ್ಲಾಕಿನ ಮುಖಕ್ಕೂ ಪಟ್ಟಿ ಇಟ್ಟು ನೋಡಿದೆವು, ಅದು ನೇರವಿತ್ತು. ಬೋಲ್ಟಿನ ಕುರುಡು ತೂತುಗಳಲ್ಲಿ ನಿಂತ ಎಣ್ಣೆಯನ್ನು ಬತ್ತಿ ಹಾಕಿ ಹೀರಿಸಿದೆವು. ದ್ರವ ಉಳಿದರೆ ಬೋಲ್ಟಿನ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಬಿಚ್ಚುವಾಗ ತುದಿಯಿಂದ ನಡುವಿಗೆ, ಬಿಗಿಯುವಾಗ ನಡುವಿನಿಂದ ತುದಿಗೆ, ಅದೂ ಹಂತ ಹಂತವಾಗಿ. ಇಚ್ಚ ಕೈಯ ಅಂದಾಜಿನಲ್ಲೇ ಬಿಗಿಯುವವರು, ಅವರ ಅಂದಾಜು ತಪ್ಪಿದ್ದೂ ಕಡಿಮೆ. ಆದರೂ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ತಂದಿದ್ದೆ. ಅವರು ಅದನ್ನು ತಿರುಗಿಸಿ ನೋಡಿ, "ನನ್ನ ಮೇಲೆ ಸಂಶಯವೋ?" ಎಂದರು, ನಗುತ್ತಲೇ. ಕೊನೆಯ ಸುತ್ತನ್ನು ಅದರಲ್ಲೇ ಬಿಗಿದರು.

ಸುರಂಗದ ನೀರು

ಕುಳಿ ಬಿದ್ದದ್ದು ನೀರಿನಿಂದ. ನಮ್ಮ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಮುರಕಲ್ಲಿನಲ್ಲಿ ಕೊರೆದ ಸುರಂಗದಿಂದ ಬರುವ ನೀರು ಎಲ್ಲದಕ್ಕೂ ಆಗುತ್ತದೆ. ಅದನ್ನೇ ಕುಡಿದು, ಅದರಲ್ಲೇ ಅಡಿಕೆ ಬೆಳೆಸಿ ಬದುಕಿದವರು ನಾವು. ಹಾಗಾಗಿ ರೇಡಿಯೇಟರಿಗೂ ಅದೇ. ನೀರು ಹೆಪ್ಪುಗಟ್ಟದಂತೆಯೂ ಬೆರೆಸುವ ಕೂಲೆಂಟ್ ಹಾಕಿ ಎಂದರೆ "ಇಲ್ಲಿ ಹಿಮ ಬೀಳುತ್ತದೆಯೇ?" ಎಂಬ ಪ್ರಶ್ನೆ ಬರುತ್ತದೆ. ಹಿಮದ ಮಾತು ಬಿಡಿ. ಅಲ್ಯೂಮಿನಿಯಂ ಹೆಡ್ಡು, ಕಬ್ಬಿಣದ ಬ್ಲಾಕು, ಹಿತ್ತಾಳೆಯ ರೇಡಿಯೇಟರು ಒಂದೇ ನೀರಿನಲ್ಲಿ ನಿಂತರೆ ಅವುಗಳ ನಡುವೆ ವಿದ್ಯುತ್ತು ಹರಿಯತೊಡಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಮುರಕಲ್ಲು ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲದ ಕಡೆಗೇ ಇರುತ್ತದೆ. ಇಳಿದಾಗಲೆಲ್ಲ ಹೊಸ ನೀರು ಹೊಯ್ದರೆ ಜೊತೆಗೆ ಹೊಸ ಆಮ್ಲಜನಕವೂ ಸೇರುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳಿಗಾಗಿ ಅದು ಬೇಕು, ಬಟ್ಟಿ ಇಳಿಸಿದ ನೀರಿನೊಂದಿಗೆ. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆಯವರು ಒಪ್ಪಲಿಲ್ಲ. ಕುಡಿಯುವವರಿಗೆ ಆಗುವ ನೀರು ಗಾಡಿಗೆ ಆಗುವುದಿಲ್ಲವೇ ಎಂಬ ಅವರ ಪ್ರಶ್ನೆಗೆ ನನ್ನ ಉತ್ತರ ಇನ್ನೂ ಪಾಸಾಗಿಲ್ಲ.

ಇಷ್ಟೆಲ್ಲ ಮಾಡಲು ಗಾಡಿಗೆ ಅಷ್ಟು ಬೆಲೆಯಿದೆಯೇ ಎಂದು ಕೇಳಿದವರೂ ಇದ್ದಾರೆ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಲೆಕ್ಕದ ಪುಸ್ತಕ ತೆರೆದರೆ ಮಾರುವುದೇ ಜಾಣತನ. ಆದರೆ ಹಿಂದಿನ ಸೀಟು ಕಿತ್ತರೆ ಅಡಿಕೆ ಮೂಟೆ, ಹಾಕಿದರೆ ಮನೆಮಂದಿ, ನಮ್ಮ ಓಣಿಯ ಅಗಲಕ್ಕೆ ಸರಿಯಾದ ಮೈ. ಇದರ ಬದಲಿಗೆ ಏನು ಕೊಳ್ಳಬೇಕೆಂದು ಕೇಳಿದವರಲ್ಲಿ ಯಾರೂ ಹೇಳಲಿಲ್ಲ.

ಆಚಾರಿಯವರಿಂದ ಒಂದು ಕೆಲಸ ಹೆಚ್ಚಿಗೆ ಮಾಡಿಸಿದ್ದೆ. ಹೆಡ್ಡಿನ ಹೊರಬದಿಯಲ್ಲಿ, ಗ್ಯಾಸ್ಕೆಟಿಗೆ ತಾಗದ ಕಡೆ, ಅಂಕೆಯ ಪಂಚಿನಿಂದ "0.10" ಮತ್ತು "2020" ಎಂದು ಹೊಡೆಸಿದೆ. ಮುಂದೆ ಇದನ್ನು ಬಿಚ್ಚುವವರಿಗೆ ಈಗಾಗಲೇ ಎಷ್ಟು ಹೋಗಿದೆ ಎಂಬುದರ ಒಂದು ಭಾಗವಾದರೂ ಗೊತ್ತಿರಲಿ ಎಂದು. ಹೀಗೆ ಕೇಳಿದವರು ಯಾರೂ ಇಲ್ಲ ಎಂದ ಆಚಾರಿಯವರು ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಇಚ್ಚ ಮಾತ್ರ ಜೋಡಿಸುವಾಗ ಅದನ್ನು ನೋಡಿ, "ಮಾಷ್ಟ್ರೇ, ಜಾಗ ಇನ್ನೂ ಉಂಟು, ಫೋನ್ ನಂಬರನ್ನೂ ಹೊಡೆಸಬಹುದಿತ್ತು" ಎಂದರು. ಗಾಡಿ ಈಗ ಪೆರ್ಲದ ಏರಿನಲ್ಲಿ ಬಿಸಿಯಾಗುವುದಿಲ್ಲ. ಹೆಡ್ಡಿನ ಮೇಲೆ ಕೂರುವ ಟ್ಯಾಪೆಟ್ ಕವರಿನ ಒಂದು ಮೂಲೆಯಿಂದ ಎಣ್ಣೆ ಜಿನುಗುತ್ತದೆ, ಹೊಸ ಗ್ಯಾಸ್ಕೆಟ್ ತಂದಿಟ್ಟಿದ್ದೇನೆ.